ನೋಡಲಿಲ್ಲ, ಕಾಣಲಿಲ್ಲ

ಮನೆಯಲ್ಲಿ ಚಾರ್ಜರ್ ಕಳೆದುಹೋದಾಗ ನಡೆಯುವ ಮಾತುಕತೆ ನಿಮಗೂ ಗೊತ್ತಿರುತ್ತೆ. “ಎಲ್ಲೂ ಕಾಣ್ಲಿಲ್ಲವ್ವ” ಅಂತ ನಾವು. “ನೋಡಿದ್ರೆ ತಾನೆ ಕಾಣಾದು?” ಅಂತ ಅವ್ವ. ಆಮೇಲೆ ಅವ್ವನೇ ಬಂದು ದಿಂಬಿನ ಕೆಳಗಿನಿಂದ ತೆಗೆದು ಕೊಡ್ತಾಳೆ.

ನಮ್ಮ ಭಾಷೆ ಈ ವಿಷಯದಲ್ಲಿ ಭಾಳ ಖಚಿತ. ನೋಡುವುದು ನಾವು ಮಾಡುವ ಕೆಲಸ, ಕಾಣುವುದು ನಮಗೆ ಸಿಗುವ ಫಲ. ನೋಡಿಯೂ ಕಾಣದೇ ಇರಬಹುದು. ಆದರೆ ನೋಡದೇ ಇದ್ದವರಿಗೆ ‘ಕಾಣಲಿಲ್ಲ’ ಅನ್ನುವ ಹಕ್ಕಿಲ್ಲ. ಅವರು ಹೇಳಬೇಕಾದದ್ದು ‘ನೋಡಲಿಲ್ಲ’ ಅಂತ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದಕ್ಕೆ ಬೇರೆ ಹೆಸರಿದೆ. ಡೇಟಾಬೇಸಿನ ಒಂದು ಖಾನೆಯಲ್ಲಿ ಸೊನ್ನೆ ಇದ್ದರೆ ಎಣಿಸಿದ್ದೇವೆ, ಒಂದೂ ಇಲ್ಲ ಅಂತ ಅರ್ಥ. ‘ನಲ್’ ಇದ್ದರೆ ಯಾರೂ ಎಣಿಸಿಲ್ಲ, ಗೊತ್ತಿಲ್ಲ ಅಂತ ಅರ್ಥ. ಯಾರೋ ಅವಸರದಲ್ಲಿ ನಲ್ ಇದ್ದ ಕಡೆಯೆಲ್ಲ ಸೊನ್ನೆ ತುಂಬಿ ರಿಪೋರ್ಟ್ ಮಾಡಿಬಿಟ್ಟರೆ ಅದನ್ನು ನೋಡಿದವರಿಗೆ ಎಲ್ಲಾ ಸರಿಯಾಗಿಯೇ ಕಾಣುತ್ತೆ. ಹೊಸದಾಗಿ ಸೇರಿದ ಹುಡುಗರಿಗೆ ನಾವು ಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು: ಸರ್ವರ್‌ನಿಂದ ಅಲರ್ಟ್ ಬರಲಿಲ್ಲ ಅಂದರೆ ಎಲ್ಲಾ ಚೆನ್ನಾಗಿದೆ ಅಂತಲ್ಲ, ಅಲರ್ಟ್ ಕಳಿಸುವ ಪ್ರೋಗ್ರಾಮೇ ಸತ್ತಿರಬಹುದು. ಅದಕ್ಕೇ ನಿಮಿಷಕ್ಕೊಮ್ಮೆ ‘ನಾನಿದ್ದೀನಿ, ತೊಂದರೆ ಏನಿಲ್ಲ’ ಅಂತ ಹೇಳುವ ವ್ಯವಸ್ಥೆ ಇಟ್ಟಿರ್ತೀವಿ. ಸುಮ್ಮನಿರುವುದು ಬೇರೆ, ‘ಏನಿಲ್ಲ’ ಅಂತ ಹೇಳುವುದು ಬೇರೆ.

ಆದರೆ ಇವತ್ತು ನಾನು ಬರೆಯಬೇಕು ಅಂದುಕೊಂಡಿರುವುದು ಕಡಲತೀರದಲ್ಲಿ ರಾತ್ರಿಯಿಡೀ ನಡೆದು, ಬೆಳಗಿನ ಜಾವ ಒಂದು ನೋಟ್‌ಬುಕ್ಕಿನಲ್ಲಿ ಸೊನ್ನೆ ಬರೆದು ಮನೆಗೆ ಹೋಗುವ ಜನರ ಬಗ್ಗೆ. ಅವರಿಗೆ ಸಂಬಳ ಇಲ್ಲ. ನಾನು ಕುರುಗೋಡಿನವನು. ನಮ್ಮೂರಿಂದ ಕಡಲು ನೋಡಬೇಕಂದ್ರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಹಾಗಿದ್ದೂ ಈ ಜನ ನನ್ನ ತಲೆಯಿಂದ ಹೋಗುತ್ತಿಲ್ಲ. ಯಾಕೆ ಅಂತ ಹೇಳ್ತೀನಿ.

ಚೆನ್ನೈನಲ್ಲಿ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್ ಅನ್ನುವ ಗುಂಪಿದೆ. 1988ರಲ್ಲಿ ವಿದ್ಯಾರ್ಥಿಗಳು ಶುರು ಮಾಡಿದ್ದು. ಜನವರಿಯಿಂದ ಮಾರ್ಚ್‌ವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ದಡಕ್ಕೆ ಬರುವ ಕಾಲ. ಆಗ ಇವರು ನೀಲಾಂಕರೈನಿಂದ ಬೆಸೆಂಟ್ ನಗರದ ಕಡೆಗೆ ರಾತ್ರಿ ನಡೆಯುತ್ತಾರೆ, ಸುಮಾರು 7 ಕಿಲೋಮೀಟರ್. ಹುಡುಕುವುದು ಆಮೆಯನ್ನಲ್ಲ, ಅದರ ಜಾಡನ್ನು. ನೀರಿನಿಂದ ಮೇಲಕ್ಕೆ ಬಂದು ಮತ್ತೆ ನೀರಿಗೇ ಹೋದ, ಸಣ್ಣ ಟ್ರ್ಯಾಕ್ಟರ್ ಹಾದುಹೋದಂತಿರುವ ಗುರುತು. ಜಾಡು ಸಿಕ್ಕರೆ ಗೂಡು ಹುಡುಕಬೇಕು. ಒಂದೂವರೆ ಅಡಿ ಆಳದಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಅಲ್ಲೇ ಬಿಟ್ಟರೆ ನಾಯಿ ತಿನ್ನುತ್ತೆ, ಇಲ್ಲ ಮನುಷ್ಯ ಒಯ್ಯುತ್ತಾನೆ. ಮರಿಗಳು ಹೊರಬಂದರೂ ಕಡಲ ಬೆಳಕು ಯಾವುದು, ಬೀದಿ ದೀಪ ಯಾವುದು ಅಂತ ತಿಳಿಯದೆ ರಸ್ತೆ ಕಡೆ ಹೋಗಿಬಿಡುತ್ತವೆ. ಹಾಗಾಗಿ ಮೊಟ್ಟೆಗಳನ್ನು ಎತ್ತಿ ಬೇಲಿ ಹಾಕಿದ ಜಾಗದಲ್ಲಿ ಮತ್ತೆ ಹೂಳುತ್ತಾರೆ. ಒಂದೂವರೆ ಎರಡು ತಿಂಗಳಿಗೆ ಮರಿ ಹೊರಬರುತ್ತೆ.

ನಮ್ಮ ಕರಾವಳಿಯಲ್ಲೂ ಇದೇ ಆಮೆ, ಇದೇ ಕೆಲಸ. ಕುಂದಾಪುರದಲ್ಲಿ ಎಫ್‌ಎಸ್‌ಎಲ್ ಇಂಡಿಯಾ ಅನ್ನುವ ಸಂಸ್ಥೆ ಸ್ವಯಂಸೇವಕರನ್ನು, ಮೀನುಗಾರರನ್ನು ಕಟ್ಟಿಕೊಂಡು ಗೂಡು ಕಾಯುವ ಕೆಲಸ ಮಾಡಿದೆ. ಒಡಿಶಾದ ಗಹಿರ್‌ಮಾಥಾ, ರುಷಿಕುಲ್ಯಾ ತೀರಗಳಲ್ಲಿ ಒಂದೇ ಸಲಕ್ಕೆ ಲಕ್ಷಗಟ್ಟಲೆ ಆಮೆ ಬರುವ ಚಿತ್ರ ನೀವು ನೋಡಿರುತ್ತೀರಿ. ಉಡುಪಿ, ಉತ್ತರ ಕನ್ನಡದಲ್ಲಿ ಹಾಗಲ್ಲ. ಇಲ್ಲೊಂದು, ಅಲ್ಲೊಂದು. ಅಂದರೆ ಇಲ್ಲಿ ನಡೆಯುವವರಿಗೆ ಸೊನ್ನೆಯ ರಾತ್ರಿಗಳೇ ಜಾಸ್ತಿ.

ಈ ಕೆಲಸಕ್ಕೆ ಒಬ್ಬ ಹಿರಿಯರಿದ್ದರು, ಸತೀಶ್ ಭಾಸ್ಕರ್. 1970ರ ದಶಕದಲ್ಲಿ ಮದ್ರಾಸಿನಲ್ಲಿ ರೋಮುಲಸ್ ವಿಟೇಕರ್ ಮತ್ತು ಗೆಳೆಯರು ಆಮೆ ನಡಿಗೆ ಶುರು ಮಾಡಿದಾಗ ಜೊತೆ ಸೇರಿದವರು. ಐಐಟಿ ಮದ್ರಾಸಿನಲ್ಲಿ ಓದುತ್ತಿದ್ದ ಹುಡುಗ ಕಡಲ ಕಡೆ ತಿರುಗಿಬಿಟ್ಟರು. ಆಮೇಲಿನ ವರ್ಷಗಳಲ್ಲಿ ದೇಶದ ಕರಾವಳಿ, ಅಂಡಮಾನ್, ನಿಕೋಬಾರ್, ಲಕ್ಷದ್ವೀಪ ಎಲ್ಲಾ ಸೇರಿ 4,000 ಕಿಲೋಮೀಟರಿಗೂ ಹೆಚ್ಚು ತೀರವನ್ನು ನಡೆದೇ ನೋಡಿದರು. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಸುಹೇಲಿ ಅನ್ನುವ ಜನವಸತಿಯಿಲ್ಲದ ದ್ವೀಪದಲ್ಲಿ ಐದು ತಿಂಗಳು ಒಬ್ಬರೇ ಇದ್ದರು. ಆ ಕಾಲದಲ್ಲಿ ದೋಣಿ ಬರಲ್ಲ ಅಂತ ಗೊತ್ತಿದ್ದೇ ಹೋದದ್ದು, ಹಸಿರು ಕಡಲಾಮೆಗಳು ಬರುವುದು ಆಗಲೇ ಅಂತ. ಅಲ್ಲಿಂದ ಹೆಂಡತಿಗೆ ಕಾಗದ ಬರೆದು ಬಾಟಲಿಯಲ್ಲಿ ಹಾಕಿ ಕಡಲಿಗೆಸೆದರು. ಅದು ಶ್ರೀಲಂಕಾದಲ್ಲಿ ಒಬ್ಬ ಮೀನುಗಾರನ ಕೈಗೆ ಸಿಕ್ಕಿ, ಆತ ಅಂಚೆಗೆ ಹಾಕಿದ. ಅವರು 2023ರಲ್ಲಿ ತೀರಿಕೊಂಡರು. ಬಾಟಲಿ ಕತೆಯನ್ನು ಎಲ್ಲರೂ ಹೇಳ್ತಾರೆ. ನನಗೆ ಹೆಚ್ಚು ಕಾಡುವುದು ಆ ಸಾವಿರಾರು ಕಿಲೋಮೀಟರ್. ಅದರಲ್ಲಿ ಆಮೆ ಸಿಕ್ಕ ಜಾಗ ಎಷ್ಟು, ಸಿಗದ ಜಾಗ ಎಷ್ಟು ಇದ್ದಿರಬಹುದು ಯೋಚಿಸಿ. ಸಿಗದ ಜಾಗವನ್ನೂ ಅವರು ನಡೆದೇ ‘ಇಲ್ಲ’ ಅಂತ ತಿಳಿದುಕೊಂಡರು.

ಸರಿ, ಸೊನ್ನೆ ಬರೆದು ಏನು ಸಿಗುತ್ತೆ?

ಇದಕ್ಕೆ ನನಗೆ ಸಿಕ್ಕ ಉತ್ತರಗಳಲ್ಲಿ ತುಂಬಾ ಸ್ಪಷ್ಟವಾದದ್ದು ಅಮೆರಿಕದ ಪಶ್ಚಿಮ ತೀರದ್ದು. ಅಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೂಲಿಯಾ ಪ್ಯಾರಿಶ್ ಅನ್ನುವ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಕೋಸ್ಟ್ ಅನ್ನುವ ಕಾರ್ಯಕ್ರಮ ಶುರು ಮಾಡಿದರು. ಸ್ವಯಂಸೇವಕರು ತಿಂಗಳಿಗೊಮ್ಮೆ ತಮ್ಮ ಪಾಲಿನ ತೀರದ ತುಂಡನ್ನು ನಡೆಯಬೇಕು. ನೋಡಬೇಕಾದದ್ದು ಸತ್ತು ದಡಕ್ಕೆ ಬಿದ್ದ ಕಡಲ ಹಕ್ಕಿಗಳನ್ನು. ಹೆಣ ಕೊಳೆತು ಗುರುತೇ ಸಿಗದ ಹಾಗಿದ್ದರೂ ಕಾಲು ಉಳಿದಿರುತ್ತೆ. ಹಾಗಾಗಿ ಕಾಲಿನ ಆಕಾರದಿಂದ ಶುರು ಮಾಡಿ, ಕೊಕ್ಕು, ರೆಕ್ಕೆ ಅಳೆದು ಜಾತಿ ಗುರುತಿಸುವ ಕೈಪಿಡಿ ಕೊಟ್ಟಿದ್ದಾರೆ. ಎಣಿಸಿದ ಹೆಣಕ್ಕೆ ಬಣ್ಣದ ಪ್ಲಾಸ್ಟಿಕ್ ಟೈ ಕಟ್ಟಿ ಬರ್ತಾರೆ, ಮುಂದಿನ ಸಲ ಅದನ್ನೇ ಮತ್ತೆ ಎಣಿಸಬಾರದು ಅಂತ. ಶನಿವಾರ ಬೆಳಿಗ್ಗೆ ಎದ್ದು ಇಂಥ ಕೆಲಸಕ್ಕೆ ಹೋಗುವವರಲ್ಲಿ ನಿವೃತ್ತರು, ಗೃಹಿಣಿಯರು, ಶಾಲಾ ಶಿಕ್ಷಕರು ಇರ್ತಾರೆ. ಎಷ್ಟೋ ತಿಂಗಳು ಒಂದು ಹೆಣವೂ ಇರಲ್ಲ. ಆಗಲೂ ಫಾರಂ ತುಂಬಿ ಸೊನ್ನೆ ಕಳಿಸಲೇಬೇಕು.

2015ರ ಬೇಸಿಗೆಯಿಂದ 2016ರವರೆಗೆ ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾವರೆಗಿನ ತೀರದಲ್ಲಿ ‘ಕಾಮನ್ ಮರ್’ ಅನ್ನುವ ಕಡಲ ಹಕ್ಕಿಯ ಸುಮಾರು 62,000 ಹೆಣಗಳು ಬಿದ್ದವು. ಕಡಲು ಬಿಸಿಯಾಗಿ, ತಿನ್ನುವ ಮೀನು ಸಿಗದೆ ಹಸಿವಿನಿಂದ ಸತ್ತವು. ದಡಕ್ಕೆ ಬರುವುದು ಸತ್ತವುಗಳಲ್ಲಿ ಸ್ವಲ್ಪ ಭಾಗ ಮಾತ್ರ, ಹಾಗಾಗಿ ಒಟ್ಟು ಸಾವು ಹತ್ತು ಲಕ್ಷದ ಆಸುಪಾಸು ಇರಬಹುದು ಅಂತ 2020ರ ಅಧ್ಯಯನ ಹೇಳಿತು. ಆಮೇಲೆ ಗೂಡು ಕಟ್ಟುವ ಜಾಗಗಳ ಹಳೆಯ ಮತ್ತು ಹೊಸ ಎಣಿಕೆಗಳನ್ನು ಇಟ್ಟು ನೋಡಿದಾಗ ಅಲಾಸ್ಕಾ ಒಂದರಲ್ಲೇ 40 ಲಕ್ಷ, ಅಂದರೆ ಅಲ್ಲಿನ ಅರ್ಧದಷ್ಟು ಹಕ್ಕಿ ಹೋಗಿದ್ದವು ಅಂತ 2024ರಲ್ಲಿ ಗೊತ್ತಾಯಿತು.

ದಡದಲ್ಲಿ ಹೆಣದ ರಾಶಿ ಬಿದ್ದದ್ದು ಯಾರ ಕಣ್ಣಿಗಾದರೂ ಬೀಳುತ್ತೆ. ಆದರೆ “ಇದು ಪ್ರತಿ ವರ್ಷ ಆಗೋದೇ ಬಿಡಿ” ಅನ್ನುವವರು ಯಾವಾಗಲೂ ಇರ್ತಾರೆ. ಅವರಿಗೆ ಉತ್ತರ ಕೊಟ್ಟದ್ದು ಹಿಂದಿನ ಹದಿನೈದು ಹದಿನಾರು ವರ್ಷಗಳ ಸಪ್ಪೆ ಫಾರಂಗಳು. ಸೊನ್ನೆ, ಒಂದು, ಸೊನ್ನೆ, ಎರಡು, ಸೊನ್ನೆ. ಅವುಗಳ ಪಕ್ಕ ಇಟ್ಟಾಗಲೇ ಈ ರಾಶಿ ಎಂಥದ್ದು ಅಂತ ತಿಳಿದದ್ದು.

2025ರ ಜನವರಿಯಲ್ಲಿ ಚೆನ್ನೈ ಸುತ್ತಮುತ್ತಲ ತೀರಕ್ಕೆ ಸತ್ತ ಆಲಿವ್ ರಿಡ್ಲೆಗಳು ಬಂದು ಬೀಳತೊಡಗಿದಾಗಲೂ ಇದೇ ಆಯಿತು. ತಿಂಗಳ ಕೊನೆಗೆ ತಮಿಳುನಾಡಿನಲ್ಲಿ ಸಾವಿರದ ಲೆಕ್ಕಕ್ಕೆ ಹೋಯಿತು. ಟ್ರಾಲ್ ದೋಣಿಗಳ ಬಲೆಯಲ್ಲಿ ಸಿಕ್ಕು ಉಸಿರುಗಟ್ಟಿದ್ದು ಮುಖ್ಯ ಕಾರಣ ಅಂತ ಹೇಳಿದರು. ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಚೆನ್ನೈ ತೀರದಲ್ಲಿ ಪ್ರತಿ ಸೀಸನ್ನಿಗೂ ಅಷ್ಟಿಷ್ಟು ಆಮೆ ಸಾಯುವುದು ಹೊಸದಲ್ಲ. ಇದು ‘ಅಷ್ಟಿಷ್ಟು’ ಅಲ್ಲ ಅಂತ ಹೇಳೋಕೆ ಹಿಂದಿನ ಸೀಸನ್ನುಗಳಲ್ಲಿ ನಡೆದವರು ಬೇಕಿತ್ತು, ಅವರು ಅಲ್ಲಿದ್ದರು.

ಇಲ್ಲಿಗೆ ನಿಲ್ಲಿಸಿದರೆ ಇದು ಉಪಯೋಗದ ಮಾತಾಗುತ್ತೆ. ಆದರೆ 2003ರಲ್ಲಿ ಸೊನ್ನೆ ಬರೆದ ವ್ಯಕ್ತಿಗೆ 2015 ಬರುತ್ತೆ ಅಂತ ಗೊತ್ತಿರಲಿಲ್ಲ. ಅವರಲ್ಲಿ ಕೆಲವರು ಅಷ್ಟೊತ್ತಿಗೆ ತೀರಿಹೋಗಿರಬಹುದು. ಹಾಗಾಗಿ ಉಪಯೋಗ ಆಗುತ್ತೆ ಅನ್ನುವುದಷ್ಟೇ ಅವರನ್ನು ನಡೆಸಿತು ಅನ್ನೋಕಾಗಲ್ಲ. ಬೇರೆ ಏನೋ ಇರಬೇಕು.

ಬೆಳಗಿನ ಜಾವ ನಾಲ್ಕು ಗಂಟೆ. ಹತ್ತು ಗಂಟೆಗೆ ಕಾಲೇಜೋ ಆಫೀಸೋ ಇದೆ. 7 ಕಿಲೋಮೀಟರ್ ಮರಳಿನಲ್ಲಿ ನಡೆದಾಗಿದೆ, ಏನೂ ಸಿಕ್ಕಿಲ್ಲ. ಯಾರೂ ನೋಡ್ತಿಲ್ಲ, ಯಾರೂ ಪರೀಕ್ಷೆ ಮಾಡಲ್ಲ. ಈ ಹೊತ್ತಿನಲ್ಲಿ ಮನುಷ್ಯನ ಮುಂದೆ ಮೂರು ಸುಲಭದ ದಾರಿ ಇರ್ತವೆ.

ಒಂದು, ನಾಳೆ ರಾತ್ರಿ ಹೋಗದೇ ಮಲಗಿ, ಬೆಳಿಗ್ಗೆ ಸೊನ್ನೆ ಬರೆದುಬಿಡುವುದು. ಹೇಗೂ ಸೊನ್ನೆಯೇ ಅಲ್ವಾ? ಎರಡನೆಯದು, ಹೋಗಿ ಬಂದು ಏನೂ ಸಿಗದ ದಿನ ಬರೆಯದೇ ಬಿಡುವುದು. ಏನಿದೆ ಬರೆಯೋಕೆ? ಮೂರನೆಯದು, ಅಳಿಸಿಹೋದಂತಿದ್ದ ಒಂದು ಗೀರನ್ನು ಜಾಡು ಅಂತ ಬರೆದುಬಿಡುವುದು. ಇಷ್ಟು ಕಷ್ಟಪಟ್ಟಿದ್ದಕ್ಕೆ ಒಂದಾದರೂ ಬೇಡವೇ?

ಮೂರನೆಯದು ಸುಳ್ಳು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಮೊದಲನೆಯದು ಸುಳ್ಳಿನ ಹಾಗೆ ಕಾಣೋದೇ ಇಲ್ಲ. ಬಹಳ ಸಲ ಅಂಕಿ ನಿಜವೂ ಆಗಿರುತ್ತೆ. ಆದರೂ ಸುಳ್ಳೇ, ಯಾಕಂದ್ರೆ ಸೊನ್ನೆ ಬರೆದವರು ಆಮೆಯ ಬಗ್ಗೆ ಮಾತ್ರ ಹೇಳ್ತಿಲ್ಲ, ‘ನಾನು ನೋಡಿದೆ’ ಅಂತ ತಮ್ಮ ಬಗ್ಗೆಯೂ ಹೇಳ್ತಿದ್ದಾರೆ. ಎರಡನೆಯದು ನಮ್ಮಂಥ ಹವ್ಯಾಸಿಗಳ ಕಾಯಿಲೆ. ಹಕ್ಕಿ ನೋಡುವವರು ಬಳಸುವ ಇಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಕಳಿಸುವ ಮುಂಚೆ ಒಂದು ಪ್ರಶ್ನೆ ಬರುತ್ತೆ: ಗುರುತಿಸಲು ಸಾಧ್ಯವಾದ ಎಲ್ಲಾ ಹಕ್ಕಿಯನ್ನೂ ಹಾಕಿದ್ದೀರಾ ಅಂತ. ಹೌದು ಅಂದರೆ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿ ‘ಕಾಣಲಿಲ್ಲ’ ಆಗುತ್ತೆ. ಇಲ್ಲ ಅಂದರೆ ಅದು ಬರೀ ‘ಗೊತ್ತಿಲ್ಲ’. ಅಪರೂಪದ್ದನ್ನಷ್ಟೇ ಹಾಕಿ, ಕಾಗೆ, ಗುಬ್ಬಿ, ಮೈನಾ ಬಿಟ್ಟುಬಿಟ್ಟರೆ ಮುಂದೊಂದು ದಿನ ಗುಬ್ಬಿ ಎಲ್ಲಿ ಹೋಯ್ತು ಅಂತ ಕೇಳಿದವರಿಗೆ ನಮ್ಮ ಪಟ್ಟಿ ಏನೂ ಹೇಳಲ್ಲ.

ಹಾಗಿದ್ದರೆ ಪ್ರಾಮಾಣಿಕವಾಗಿ ಸೊನ್ನೆ ಬರೆಯುವವರು ಯಾರಿಗೆ ಪ್ರಾಮಾಣಿಕರಾಗಿದ್ದಾರೆ? ಆಮೆಗೆ ಅಲ್ಲ, ಅದಕ್ಕೆ ಗೊತ್ತೇ ಆಗಲ್ಲ. ಸಂಸ್ಥೆಗೂ ಅಷ್ಟಾಗಿ ಅಲ್ಲ. ಇನ್ನೂ ಹುಟ್ಟದ ಯಾರೋ ಒಬ್ಬರು ಮುಂದೆ ಈ ನೋಟ್‌ಬುಕ್ ತೆರೆದು ನಂಬ್ತಾರಲ್ಲ, ಅವರಿಗೆ. ಹೆಸರು ಗೊತ್ತಿಲ್ಲದ, ಥ್ಯಾಂಕ್ಸ್ ಹೇಳೋಕೂ ಸಿಗದ ಒಬ್ಬ ಮನುಷ್ಯನಿಗೆ ಮಾತು ಕೊಟ್ಟು ನಡೆದುಕೊಳ್ಳುವುದು. ಇದನ್ನು ಫಲಾಪೇಕ್ಷೆಯಿಲ್ಲದ ಕರ್ಮ ಅಂತ ಕರೆದು ಕೈತೊಳೆದುಕೊಳ್ಳೋಕೆ ನನಗೆ ಮನಸ್ಸಿಲ್ಲ. ಅವರಿಗೆ ಫಲದ ಆಸೆ ಇದೆ, ಆಮೆ ಉಳಿಯಲಿ ಅಂತ ಖಂಡಿತ ಇದೆ. ಫಲ ತಮ್ಮ ಕಣ್ಣಮುಂದೆಯೇ ಆಗಬೇಕು ಅನ್ನುವ ಹಟ ಮಾತ್ರ ಇಲ್ಲ. ಶರಣರು ಕಾಯಕ ಅಂದದ್ದಕ್ಕೆ ಇದು ಹತ್ತಿರ ಅನ್ಸುತ್ತೆ: ಕೆಲಸ ಸರಿಯಾಗಿ ಮಾಡುವುದರಲ್ಲೇ ಮರ್ಯಾದೆ ಇದೆ, ಯಾರು ನೋಡಲಿ ಬಿಡಲಿ.

ಈಗ ನಮ್ಮೂರಿನ ಕಡೆ ಬರ್ತೀನಿ. ಯಾಕಂದ್ರೆ ಸೊನ್ನೆ ಬರೆಯುವವರು ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನು ನಾನು ನೋಡಿದ್ದು ಇಲ್ಲೇ.

ನಮ್ಮ ತಾತ ಹೊಲದ ಮಾತು ಬಂದಾಗ ಎರೆಭೂತದ ಸುದ್ದಿ ಹೇಳ್ತಿದ್ದ. ಭೂತ ಅಂದ್ರೆ ದೆವ್ವ ಅಲ್ಲ, ಹಕ್ಕಿ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಹಾರುವ ಹಕ್ಕಿಗಳಲ್ಲಿ ಬಹಳ ಭಾರದ್ದು, ಗಂಡು 15 ಕೆಜಿವರೆಗೂ ತೂಗುತ್ತೆ. ಎರೆ ಹೊಲದಲ್ಲಿ, ಹುಲ್ಲುಗಾವಲಿನಲ್ಲಿ ಓಡಾಡುತ್ತೆ, ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತೆ. “ಜ್ವಾಳದ ಹೊಲದಾಗ ಮನುಷ್ಯಾ ನಿಂತಂಗೆ ನಿಂತಿರ್ತಿತ್ತಪ್ಪ” ಅಂತಿದ್ದ ತಾತ. ಯಾವಾಗ ನೋಡಿದ್ದು ಅಂದರೆ “ಕಾಲುವಿ ಬರೋಕಿಂತ ಮುಂಚೆ.” ಕೊನೇ ಸಲ ಯಾವಾಗ ನೋಡ್ದೆ ತಾತ? “ಯಾವನು ಬರ್ಕಂಡಾನ ಅದನ್ನ?”

ತುಂಗಭದ್ರಾ ಡ್ಯಾಂ ಆದದ್ದು 1953ರಲ್ಲಿ. ಎಲ್‌ಎಲ್‌ಸಿ ಕಾಲುವೆ ಬಂತು. ಒಣ ಬೇಸಾಯದ ಜೋಳ, ಕಡಲೆ, ಸಜ್ಜೆ ಹೋಗಿ ಭತ್ತ, ಮೆಣಸಿನಕಾಯಿ ಬಂತು. ನಾನು ಬಿ.ಇ. ಓದಿದ್ದು ಆ ನೀರಿನಿಂದಲೇ, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಹುಲ್ಲುಗಾವಲು ಹೋಯಿತು, ಮೇಲೆ ವಿದ್ಯುತ್ ತಂತಿ ಬಂದವು. ಈ ಹಕ್ಕಿಗೆ ನೇರ ಮುಂದಿನದು ಸರಿಯಾಗಿ ಕಾಣಲ್ಲ, ಹಾರುವಾಗ ತಂತಿಗೆ ಬಡಿದು ಸಾಯುತ್ತೆ. ಇವತ್ತು ದೇಶದಲ್ಲಿ ಉಳಿದಿರುವುದು 150ಕ್ಕೂ ಕಡಿಮೆ, ಅದೂ ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ರಾಣೆಬೆನ್ನೂರಿನಲ್ಲಿ ಒಂದು ಕಾಲಕ್ಕೆ ಇದ್ದವು. ಈಗ ತಜ್ಞರು ಬೊಟ್ಟು ಮಾಡುವುದು ನಮ್ಮ ಸಿರುಗುಪ್ಪ ತಾಲ್ಲೂಕಿನ ಎರೆ ಬಯಲನ್ನು, ಅಲ್ಲೂ ಬೆರಳೆಣಿಕೆ.

ಕುರುಗೋಡಿನ ಸುತ್ತ ಇದು ಯಾವ ವರ್ಷ ಇಲ್ಲವಾಯಿತು? ಎಷ್ಟಿತ್ತು? ಒಮ್ಮೆಗೇ ಹೋಯಿತಾ, ನಿಧಾನಕ್ಕಾ? ನಲ್. ಅಲ್ಲಿ ಸೊನ್ನೆಯೂ ಇಲ್ಲ, ಖಾಲಿ ಖಾನೆ ಅಷ್ಟೆ.

ಇದರ ಪಕ್ಕ ರಣಹದ್ದಿನ ಕತೆ ಇಡಿ. ಊರಾಚೆ ಸತ್ತ ದನ ಎಳೆದು ಹಾಕುವ ಜಾಗದಲ್ಲಿ ಒಂದು ಕಾಲಕ್ಕೆ ರಣಹದ್ದು ಮುತ್ತುತ್ತಿದ್ದವು ಅಂತ ಎಲ್ಲಾ ಊರಿನ ಹಿರಿಯರೂ ಹೇಳ್ತಾರೆ. ಅವೂ ಹೋದವು. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. 1991ರಿಂದ 93ರ ನಡುವೆ ದೇಶದ ಹೆದ್ದಾರಿಗಳಲ್ಲಿ ವಾಹನದಲ್ಲಿ ಹೋಗ್ತಾ ಬೇಟೆ ಹಕ್ಕಿಗಳನ್ನು ಎಣಿಸಿಟ್ಟಿದ್ದರು. ರಣಹದ್ದು ಸಾಯುತ್ತೆ ಅಂತ ಆಗ ಯಾರೂ ಕನಸು ಕಂಡಿರಲಿಲ್ಲ. 2000ದಲ್ಲಿ ವಿಭು ಪ್ರಕಾಶ್ ಮತ್ತು ಸಂಗಡಿಗರು ಅದೇ ರಸ್ತೆಗಳಲ್ಲಿ ಮತ್ತೆ ಹೋಗಿ ಎಣಿಸಿದರು. 1992ರಿಂದ 2007ರ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ಶೇಕಡಾ 99.9ರಷ್ಟು ಇಳಿದಿತ್ತು. ಅಂಕಿ ಕೈಯಲ್ಲಿದ್ದುದರಿಂದ ಕಾರಣ ಹುಡುಕುವ ಅವಸರ ಹುಟ್ಟಿತು. ದನಕ್ಕೆ ಕೊಡುವ ನೋವಿನ ಔಷಧ ಡೈಕ್ಲೋಫೆನಾಕ್ ಅಂತ 2004ರಲ್ಲಿ ಗೊತ್ತಾಯಿತು, 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧ ಆಯಿತು. ರಣಹದ್ದು ಪೂರ್ತಿ ಉಳಿಯಿತು ಅಂತಲ್ಲ. ಯಾಕೆ ಸತ್ತವು ಅಂತಾದರೂ ನಮಗೆ ಗೊತ್ತು.

ಈಗ ನಿಜವಾದ ಕಷ್ಟದ ಪ್ರಶ್ನೆ.

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸ್ತಿದ್ದಾರೆ. ಈ ತೀರಕ್ಕೆ ಕಡಲಾಮೆ ಬರುತ್ತೆ ಅನ್ನುವುದು ಅವರ ವಾದಗಳಲ್ಲಿ ಒಂದು. ಆಲಿವ್ ರಿಡ್ಲೆ ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ, ಹುಲಿಯಷ್ಟೇ ರಕ್ಷಣೆ. ಅಂದರೆ ಇಂಥ ತೀರಗಳಲ್ಲಿ ಒಂದು ಗೂಡು ಬರೀ ಗೂಡಲ್ಲ, ಕೋರ್ಟಿನಲ್ಲಿ ಇಡಬಹುದಾದ ಸಾಕ್ಷಿ.

ಇಂಥದ್ದೇ ಒಂದು ತೀರ ಅಂದುಕೊಳ್ಳಿ, ಹೆಸರು ಬೇಡ. ನೀವು ಅಲ್ಲಿನ ಮೀನುಗಾರರ ಹುಡುಗ. ಆಮೆ ಬರುತ್ತೆ ಅಂತ ನಿಮಗೆ ಚಿಕ್ಕಂದಿನಿಂದ ಗೊತ್ತು. ಈ ಸೀಸನ್ನಿನಲ್ಲಿ ನೀವೇ ರಾತ್ರಿ ನಡೆದು ಬರೆದಿಡ್ತಿದ್ದೀರಿ. ಅರವತ್ತು ರಾತ್ರಿ ಆಯಿತು, ಒಂದೂ ಬಂದಿಲ್ಲ. ಸೊನ್ನೆ ಬರೆದರೆ ಎದುರು ಪಕ್ಷದ ವಕೀಲ ನಿಮ್ಮ ನೋಟ್‌ಬುಕ್ಕನ್ನೇ ಎತ್ತಿ ತೋರಿಸ್ತಾನೆ. ಬರೀತೀರಾ?

ಬೆಂಗಳೂರಿನಲ್ಲಿ ಕೂತು ‘ಸತ್ಯಕ್ಕೇ ಜಯ’ ಅನ್ನೋದು ನನಗೆ ಸುಲಭ. ಸೊನ್ನೆಯ ಬೆಲೆ ಕಟ್ಟುವವನು ಅವನು. ಮನೆ, ಮೀನು ಒಣಗಿಸುವ ಜಾಗ, ದೋಣಿ ಎಳೆಯುವ ದಡ ಎಲ್ಲಾ ಅವನದು. ಇನ್ನೊಂದು ಮಾತೂ ಇದೆ. ಅಧಿಕಾರ ಇರುವವರು ಇಂಥ ಕಡೆ ಮಾಡುವ ಮೊದಲ ಕೆಲಸವೇ ನಲ್ ಅನ್ನು ಸೊನ್ನೆ ಮಾಡುವುದು. ಯಾರೂ ಸರಿಯಾಗಿ ನೋಡಿರಲ್ಲ, ‘ದಾಖಲೆ ಇಲ್ಲ’ ಅಂತಾರೆ. ಎರಡು ಪುಟ ತಿರುಗಿಸೋದರೊಳಗೆ ಅದು ‘ಆಮೆ ಇಲ್ಲ’ ಆಗಿರುತ್ತೆ. ಅವರು ನೋಡದೇ ಸೊನ್ನೆ ಬರೆಯುವಾಗ, ನೋಡಿದವನು ಮಾತ್ರ ಯಾಕೆ ಹರಿಶ್ಚಂದ್ರ ಆಗಬೇಕು?

ನನ್ನ ಉತ್ತರ ಬರೀಬೇಕು ಅಂತಲೇ. ಆದರೆ ಆ ಹುಡುಗನಿಗೆ ನೀತಿಪಾಠ ಹೇಳೋಕಲ್ಲ. ಅವನ ಕೈಯಲ್ಲಿರುವುದು ಒಂದೇ ಆಸ್ತಿ, ಅವನು ನೋಡಿದ್ದನ್ನೇ ಬರೀತಾನೆ ಅನ್ನುವ ನಂಬಿಕೆ. ಸೊನ್ನೆ ಬರೆದ ಪುಟಗಳಿದ್ದರೆ ಮಾತ್ರ ಮುಂದೊಂದು ರಾತ್ರಿ ಅವನು ಬರೆಯುವ ‘ಒಂದು ಗೂಡು’ ಒಂದು ಗೂಡಾಗಿ ಉಳಿಯುತ್ತೆ. ಎಲ್ಲಾ ಪುಟದಲ್ಲೂ ಆಮೆ ಇರುವ ನೋಟ್‌ಬುಕ್ಕನ್ನು ಯಾವ ನ್ಯಾಯಾಧೀಶರೂ ನಂಬಲ್ಲ. ಎರಡನೆಯದಾಗಿ, ಅವನ ಸೊನ್ನೆಯ ಪಕ್ಕದಲ್ಲಿ ಒಂದು ವಿವರ ಇರುತ್ತೆ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ದೂರ. ಎದುರಿನವರ ರಿಪೋರ್ಟಿನ ಸೊನ್ನೆಯ ಪಕ್ಕ ಅದು ಇರಲ್ಲ. “ನೀವು ಯಾವ ರಾತ್ರಿ ನಡೆದಿರಿ?” ಅಂತ ಕೇಳುವ ಹಕ್ಕು ನಡೆದವನಿಗೆ ಮಾತ್ರ ಇರೋದು. ಸೊನ್ನೆಯನ್ನು ಮುಚ್ಚಿಟ್ಟ ದಿನ ಆ ಹಕ್ಕೂ ಹೋಗುತ್ತೆ.

ಮೂರನೆಯ ಮಾತು ನಮ್ಮಂಥವರಿಗೆ. ಆ ಸೊನ್ನೆಯ ಬೆಲೆಯನ್ನು ಅವನೊಬ್ಬನ ಮೇಲೆ ಬಿಡಬಾರದು. ಒಂದು ಸೀಸನ್ನಿನ ಸೊನ್ನೆಗೆ ಒಂದು ತೀರದ ಹಣೆಬರಹ ಬರೆಯೋಕಾಗಲ್ಲ ಅಂತ ಜೋರಾಗಿ ಹೇಳಬೇಕಾದವರು ಅಂಕಿ ಓದುವ ಕೆಲಸವನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನಾವು. ಆ ದಡದಲ್ಲಿ ಆಮೆ ಇಲ್ಲದಿದ್ದರೂ ಮೀನು ಒಣಗಿಸುವ ಮನುಷ್ಯರಿದ್ದಾರೆ, ಅವರಿಗೆ ಆಮೆಯ ಶಿಫಾರಸು ಬೇಕಾಗಬಾರದು ಅಂತಲೂ ಹೇಳಬೇಕು.

ಎಣಿಸಿದ್ದು ಒಳ್ಳೆಯದಕ್ಕೆ ಒದಗಿದ ಉದಾಹರಣೆ ನಮ್ಮ ಕಡೆಯೇ ಇದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಹೊಲಕ್ಕೆ ನೀರು ಹಾಯಿಸಲು ಕಟ್ಟಿದ ಹಳೇ ಕೆರೆ. ಕೆರೆಯೊಳಗಿನ ಜಾಲಿ ಮರಗಳ ಮೇಲೆ ಸಾವಿರಾರು ಹಕ್ಕಿ ಗೂಡು ಕಟ್ಟುತ್ತವೆ. ಮೊದಲು ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆ ಜೊತೆ ರಾಮ್ಸಾರ್ ತಾಣ ಆಯಿತು. ರಾಮ್ಸಾರ್ ಒಪ್ಪಂದದ ಮಾನದಂಡಗಳಲ್ಲಿ ಒಂದು, ಆ ಜಾಗಕ್ಕೆ ನಿಯಮಿತವಾಗಿ 20,000 ಅಥವಾ ಹೆಚ್ಚು ನೀರುಹಕ್ಕಿ ಬರಬೇಕು ಅನ್ನೋದು. 20,000 ಅಂತ ಹೇಳೋಕೆ ಯಾರಾದರೂ ಎಣಿಸಿರಬೇಕಲ್ಲ? ‘ನಿಯಮಿತವಾಗಿ’ ಅನ್ನೋಕೆ ಒಂದಲ್ಲ ಹಲವು ವರ್ಷ ಎಣಿಸಿರಬೇಕು, ಹಕ್ಕಿ ಕಡಿಮೆ ಇದ್ದ ವರ್ಷವನ್ನೂ ಬಿಡದೆ.

ಕಳೆದ ಜನವರಿಯಲ್ಲಿ ಊರಿಗೆ ಹೋದಾಗ ಅಣ್ಣನ ಮಗನನ್ನು ಕರಕೊಂಡು ಸಿರುಗುಪ್ಪ ದಾರಿಯಲ್ಲಿ ಒಂದು ಎರೆ ಬಯಲಿಗೆ ಹೋಗಿದ್ದೆ. ಎರಡು ತಾಸು ನಡೆದೆವು. ಕೃಷ್ಣಮೃಗ ದೂರದಲ್ಲಿ ಕಂಡವು, ನೆಲಗುಬ್ಬಿ ಇದ್ದವು. ಎರೆಭೂತ ಇರಲಿಲ್ಲ. ಮೊಬೈಲಿನಲ್ಲಿ ಹೊತ್ತು, ದೂರ ಹಾಕಿ ಪಟ್ಟಿ ಮುಗಿಸುವಾಗ ಹುಡುಗ ಕೇಳಿದ: “ಇಲ್ಲ ಅಂತ ಬರಿಯಾಕ ಇಷ್ಟು ದೂರ ಬಂದ್ವಾ ಕಾಕಾ?”

ಅಲ್ಲೇ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ನಕ್ಕು, “ಆ ಹಕ್ಕಿ ನೋಡಾಕ ಬಂದ್ರೇನು? ಈ ವರ್ಸ ಈ ಕಡಿ ಬಂದಿಲ್ಲ. ದಿನಾ ನಾನಿಲ್ಲೇ ಅದೀನಿ” ಅಂದರು. ಎರಡು ತಾಸು ನಡೆದ ನನ್ನ ಸೊನ್ನೆಗಿಂತ ಅವರ ಆ ಮಾತು ತೂಕದ್ದು. ಆ್ಯಪ್‌ನಲ್ಲಿ ಅವರ ಹೆಸರಿಲ್ಲ, ಯಾರೂ ಅವರನ್ನು ಕೇಳಿಲ್ಲ. ಈ ವರ್ಷದಿಂದ ತಿಂಗಳಿಗೊಮ್ಮೆ ಅವರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ದಿನಾಂಕ ಹಾಕಿ ಬರೆದಿಡೋದು ಅಂತ ಅಣ್ಣನ ಮಗ ಒಪ್ಪಿಕೊಂಡಿದ್ದಾನೆ. ಇಲ್ಲಿವರೆಗೆ ನಾಲ್ಕು ಸಲ ಮಾಡಿದ್ದಾನೆ. ನಾಲ್ಕೂ ಸೊನ್ನೆ.